ರಸಮಟ್ಟದ ಗುಳ್ಳೆ
ಗಾರೆ ಮೇಸ್ತ್ರಿಯ ಚೀಲದಲ್ಲಿ ರಸಮಟ್ಟದಷ್ಟು ನಂಬಿಕಸ್ಥ ಉಪಕರಣ ಮತ್ತೊಂದಿಲ್ಲ. 1661ರ ಸುಮಾರಿಗೆ ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೊ ರೂಪಿಸಿದ ಈ ಸಾಧನದ ಜೀವವೆಲ್ಲ ಒಂದು ಗಾಳಿಗುಳ್ಳೆಯಲ್ಲಿದೆ.

ಗುಳ್ಳೆಯಿರುವ, ಹಳದಿ-ಹಸಿರು ದ್ರವ ತುಂಬಿದ ಕೊಳವೆ ನೋಡಲು ನೇರ. ಒಳಗಿನ ನಡುಭಾಗ ಮಾತ್ರ ತುಸುವೇ ಮೇಲಕ್ಕೆ ಉಬ್ಬಿರುತ್ತದೆ. ಗುಳ್ಳೆ ಸದಾ ಅತಿ ಎತ್ತರದ ಜಾಗ ಹುಡುಕುವುದರಿಂದ, ಮಟ್ಟ ಸರಿಯಿದ್ದರೆ ಎರಡು ಗೆರೆಗಳ ನಡುವೆ ಬಂದು ನಿಲ್ಲುತ್ತದೆ. ನೀರಿನ ಬದಲು ಸ್ಪಿರಿಟ್ ತುಂಬುವುದರಲ್ಲೂ ಜಾಣತನವಿದೆ: ಅದು ಸುಲಭಕ್ಕೆ ಹೆಪ್ಪುಗಟ್ಟದು, ಗುಳ್ಳೆಯೂ ಅಂಟಿಕೊಳ್ಳದೆ ಸರಾಗವಾಗಿ ಜಾರುತ್ತದೆ. ಬಿಸಿಲಿಗೆ ದ್ರವ ಹಿಗ್ಗಿದಾಗ ಗುಳ್ಳೆ ಕುಗ್ಗುತ್ತದೆ. ಆದರೆ ಎರಡೂ ಬದಿ ಸಮನಾಗಿ ಕಿರಿದಾಗುವುದರಿಂದ ಲೆಕ್ಕ ತಪ್ಪದು. ಸಂಶಯ ಬಂತೇ? ರಸಮಟ್ಟವನ್ನು ಅದೇ ಜಾಗದಲ್ಲಿ ತುದಿ ಬದಲಿಸಿ ಇಡಿ. ಗುಳ್ಳೆ ಮತ್ತೆ ಅಲ್ಲೇ ನಿಂತರೆ ಉಪಕರಣ ಸಾಚಾ.

ತಮಾಷೆಯೆಂದರೆ, ಅದೇ ಮೇಸ್ತ್ರಿ ದೂರದ ಕಂಬಗಳಿಗೆ ಮಟ್ಟ ಗುರುತಿಸಲು ನೀರು ತುಂಬಿದ ಪ್ಲಾಸ್ಟಿಕ್ ಪೈಪ್ ಹಿಡಿದಾಗ, ಮೊದಲು ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆಗಳನ್ನೆಲ್ಲ ಓಡಿಸುತ್ತಾನೆ. ಅಲ್ಲಿ ದೊಡ್ಡದೊಂದು ಸಿಕ್ಕಿಕೊಂಡರೂ ಎರಡು ತುದಿಯ ನೀರು ಸುಳ್ಳು ಹೇಳೀತು.

ಲೇಸರ್ ಬಂದ ಮೇಲೂ ರಸಮಟ್ಟ ಮೂಲೆ ಸೇರಿಲ್ಲ. ಅದಕ್ಕೆ ಬ್ಯಾಟರಿ ಬೇಡವಲ್ಲ!