ಕೆಳದನಿಯ ಆಯ್ಕೆ: ರಾಮದುರ್ಗ–ಸವದತ್ತಿ ಪರಿಸರದ ಖರ್ಜನಾದ ಮತ್ತು ಬೇಸ್ ಗಿಟಾರ್

ಉತ್ತರ ಕರ್ನಾಟಕದ ಜನಪದ ಹಾಡುಗಳ ಸಂಗ್ರಹಗಳಲ್ಲಿ ವಾದ್ಯಗಳಿಗೆ ದೊರೆತಿರುವ ಸ್ಥಳ ಬಹಳ ಚಿಕ್ಕದು. ಪದಗಳ ಪಾಠಾಂತರಗಳನ್ನು ಶ್ರದ್ಧೆಯಿಂದ ಗುರುತಿಸುವ ಸಂಪಾದಕರು ವಾದ್ಯದ ವಿಷಯಕ್ಕೆ ಬಂದಾಗ ಹಿನ್ನೆಲೆ ವಾದ್ಯಗಳ ಹೆಸರುಗಳನ್ನು ಒಂದು ಸಾಲಿನಲ್ಲಿ ಪೋಣಿಸಿ ಮುಂದೆ ಸಾಗುವುದೇ ಹೆಚ್ಚು. ಈ ಹಾಡುಗಳು ಕೀಬೋರ್ಡು ಮತ್ತು ಬೇಸ್ ಗಿಟಾರುಗಳೊಂದಿಗೆ ಧ್ವನಿಮುದ್ರಣಗೊಳ್ಳುತ್ತಿರುವಾಗ ಈ ಮೌನ ದುಬಾರಿಯಾಗಿ ಪರಿಣಮಿಸಿದೆ. ಯಾವ ಪ್ರಕಾರಕ್ಕೆ ಎಂತಹ ಕೆಳದನಿ ಇರಬೇಕೆಂಬ ಪ್ರಶ್ನೆಗೆ ಆಧಾರವಾಗಿ ಹಿಡಿಯಬಹುದಾದ ವಿವರಣೆ ವಾದಕನಿಗೆ ಗ್ರಂಥಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ವಾದ್ಯಗಳಲ್ಲಿ ಮಾತ್ರ ಅದಕ್ಕೆ ಉತ್ತರವಿದೆ.

ಮಲಪ್ರಭೆಯ ಬಯಲಿನಲ್ಲಿ, ರಾಮದುರ್ಗದಿಂದ ಸವದತ್ತಿಯ ಎಲ್ಲಮ್ಮನಗುಡ್ಡದವರೆಗೆ ಹರಡಿರುವ ಪರಿಸರವು ಈ ಪ್ರಶ್ನೆಯ ಪರಿಶೀಲನೆಗೆ ತಕ್ಕ ಕ್ಷೇತ್ರವಾಗಿದೆ. ಗುಡ್ಡದ ಮೇಲೆ ಜೋಗತಿಯರ ಚೌಡಿಕೆ ಪದ, ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರನ ಸನ್ನಿಧಿಯಲ್ಲಿ ಪುರವಂತಿಕೆ, ಬೈಲಹೊಂಗಲದ ಕಥೆಯಾದ ಸಂಗ್ಯಾ ಬಾಳ್ಯಾ ಸಣ್ಣಾಟ, ಊರೂರಿನ ಭಜನಾ ಮೇಳಗಳ ತತ್ತ್ವಪದ, ಇವೆಲ್ಲ ಒಂದು ದಿನದ ಪ್ರಯಾಣದೊಳಗೆ ಕೇಳಸಿಗುವಂತಹವು. ಇವುಗಳ ಕೆಳದನಿಗಳು ಮಾತ್ರ ಒಂದನ್ನೊಂದು ಹೋಲುವುದಿಲ್ಲ.

ಚೌಡಿಕೆಯ ರಚನೆ ಸರಳವಾದುದು. ಕಟ್ಟಿಗೆಯ ಕೊಳವೆಯ ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟು ಕೊಳವೆಯೊಳಗಿಂದ ಹಾಯ್ದು ಬದಿಯ ಕೋಲಿನ ತುದಿಯ ಬಿರಟೆಗೆ ಸೇರುವ ಒಂದೇ ತಂತಿ. ಕಂಕುಳಲ್ಲಿ ಇರುಕಿ ಒಂದು ಕೈಯಿಂದ ಮೀಟುತ್ತ ಇನ್ನೊಂದು ಕೈಯಿಂದ ತಂತಿಯ ಬಿಗಿತವನ್ನು ಏರಿಳಿಸಲಾಗುತ್ತದೆ. ಇಂತಹ ವಾದ್ಯಗಳನ್ನು ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ 1914ರ ತಮ್ಮ ವರ್ಗೀಕರಣದಲ್ಲಿ ಮೀಟುವ ಚರ್ಮವಾದ್ಯಗಳೆಂದು ಕರೆದರು. ನಂತರದ ವಿದ್ವಾಂಸರು ಇವು ತಂತಿವಾದ್ಯಗಳೇ ಎಂದು ವಾದಿಸಿದ್ದಾರೆ. ಈ ವಿವಾದ ಹೆಸರಿಗಷ್ಟೇ ಸಂಬಂಧಿಸಿದುದಲ್ಲ. ಚರ್ಮಕ್ಕೆ ನೆಟ್ಟಗೆ ನಿಂತ ತಂತಿಯು ಒಂದು ಸಲ ಆಚೀಚೆ ತೂಗುವಷ್ಟರಲ್ಲಿ ಎರಡು ಸಲ ಬಿಗಿಯುತ್ತದೆ. ಆದುದರಿಂದ ತಂತಿಯ ಮೂಲಸ್ವರಕ್ಕಿಂತ ಒಂದು ಸ್ಥಾಯಿ ಮೇಲಿನ ಸ್ವರವೇ ಚರ್ಮದಲ್ಲಿ ಬಲವಾಗಿ ಮೊಳಗುತ್ತದೆ. ಚೌಡಿಕೆಯ ನಾದ ದಪ್ಪವಾಗಿ ಕೇಳಿಸಿದರೂ ಅದರಲ್ಲೊಂದು ಮೊನಚು ಇರುವುದು ಈ ಕಾರಣದಿಂದ. ಜಾತ್ರೆಯ ಗದ್ದಲವನ್ನು ಸೀಳಿ ಬರುವುದೂ ಈ ಮೊನಚೇ.

ಇದಕ್ಕಿಂತ ಮುಖ್ಯವಾದುದು ಅದರ ಜಾರು. ಬಿಗಿತ ನಾಲ್ಕು ಪಟ್ಟಾದಾಗ ತಂತಿಯ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ; ಆ ಎರಡರ ನಡುವೆ ಮೆಟ್ಟಿಲುಗಳಿಲ್ಲ. ಜೋಗತಿಯ ಕಂಠ ಬಾಗಿದಲ್ಲಿ ಚೌಡಿಕೆಯೂ ಬಾಗುತ್ತದೆ, ಅಳುವಲ್ಲಿ ಅಳುತ್ತದೆ. ಇಲ್ಲಿ ಕೆಳದನಿಯು ಹಾಡಿನ ನೆಲವಲ್ಲ, ಹಾಡಿನ ಎರಡನೆಯ ಬಾಯಿ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ಒಣಹವೆಯಲ್ಲಿ ಬಿಗಿದು ನಿಲ್ಲುವ ಚರ್ಮ ಮಳೆಗಾಲದ ತೇವಕ್ಕೆ ಸಡಿಲಾಗುತ್ತದೆ. ಹವೆಯನ್ನೂ ಕಂಠವನ್ನೂ ನೋಡಿ ತಂತಿಯನ್ನು ಹದಗೊಳಿಸುವುದು ಅನುಭವದ ಕೆಲಸ. ಇದನ್ನು ಅಶಿಕ್ಷಿತ ಸರಳತೆಯೆಂದು ಬಗೆಯುವ ವಾಡಿಕೆ ತಪ್ಪು.

ತತ್ತ್ವಪದದ ಏಕತಾರಿ ಇದಕ್ಕೆ ತೀರ ವಿರುದ್ಧ. ಅದು ಷಡ್ಜವನ್ನು ಬಿಟ್ಟು ಕದಲುವುದಿಲ್ಲ. ಪದದ ಒಗಟು ಎತ್ತೆತ್ತ ಅಲೆದರೂ ತಂತಿ ಇದ್ದಲ್ಲಿಯೇ ಇರುತ್ತದೆ. ಸಣ್ಣಾಟದಲ್ಲಿ ತಬಲದ ಡಗ್ಗಾ ಈ ಎರಡರ ನಡುವಿನದು. ಮಣಿಕಟ್ಟಿನ ಒತ್ತಡದಿಂದ ಅದರ ಗುಂಕಾರವನ್ನು ಮೇಲಕ್ಕೆ ಎಳೆಯಬಹುದು, ಆದರೆ ಆ ಎಳೆತ ಪಾತ್ರದ ಮಾತಿಗೆ ಕೊಡುವ ಒತ್ತು. ಕರಡಿ ಮಜಲಿನ ಕರಡಿಗೆ ಆ ಹೆಸರು ಅದರ ಗುರುಗುಟ್ಟುವ ನಾದದಿಂದಲೇ ಬಂತೆಂಬ ವಿವರಣೆ ರೂಢಿಯಲ್ಲಿದೆ. ಅಲ್ಲಿ ಸ್ವರಕ್ಕಿಂತ ಗುರುಗುಟ್ಟುವಿಕೆಯೇ ಅಪೇಕ್ಷಿತ.

ಬೇಸ್ ಗಿಟಾರ್ ವಾದಕನ ಮುಂದಿರುವ ಆಯ್ಕೆಗಳೂ ಮೂಲತಃ ಇವೇ. ಫೆಂಡರ್ ಸಂಸ್ಥೆಯ ಪ್ರಿಸಿಷನ್ ಬೇಸ್ 1951ರಲ್ಲಿ ಬಂದಾಗ ಅದರ ಮೆಟ್ಟಿಲುಗಳು ಸ್ವರಸ್ಥಾನವನ್ನು ಖಚಿತಗೊಳಿಸಿದವು, ಜಾರನ್ನು ಬಹುಮಟ್ಟಿಗೆ ಕಸಿದುಕೊಂಡವು. ನಾದಗುಣ ಮಾತ್ರ ವಾದಕನ ಕೈಯಲ್ಲಿಯೇ ಉಳಿಯಿತು. ತಂತಿಯನ್ನು ಕುದುರೆಯ ಸಮೀಪ ಮೀಟಿದರೆ ಉಪಸ್ವರಗಳು ಹೆಚ್ಚಿ ದನಿ ಚುರುಕಾಗುತ್ತದೆ, ಕತ್ತಿನ ಕಡೆಗೆ ಸರಿದು ಮೀಟಿದರೆ ದುಂಡಗಾಗುತ್ತದೆ. ನುಣುಪು ಸುತ್ತಿನ ತಂತಿ ಬೇಗ ಮಂಕಾಗಿ ನಿಲ್ಲುತ್ತದೆ, ಉರುಟು ಸುತ್ತಿನ ತಂತಿ ಮಿಂಚುತ್ತದೆ. ಡೆಟ್ರಾಯಿಟ್‌ನ ಮೊಟೌನ್ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್ಸನ್ ನುಣುಪು ತಂತಿಗಳನ್ನೇ ಬಳಸಿ, ಕುದುರೆಯ ಬಳಿಯ ಸ್ಪಂಜಿನ ಒತ್ತನ್ನು ಉಳಿಸಿಕೊಂಡು, ಒಂದೇ ಬೆರಳಿನಿಂದ ನುಡಿಸುತ್ತಿದ್ದುದು ಪ್ರಸಿದ್ಧ. ರಾಕ್ ಸಂಗೀತಕ್ಕೆ ಬೇಕಾದ ಲೋಹದ ಝೇಂಕಾರ ಆ ಬಗೆಯ ಹಾಡಿಗೆ ಒಗ್ಗುವಂತಹುದಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಎದುರಾದುದು ಷರೀಫರ ಪದಗಳು ರಾಕ್ ವೇದಿಕೆಗೆ ಬಂದಾಗ. ರಘು ದೀಕ್ಷಿತ್ ತಂಡದ 2008ರ 'ಅಂತರಾಗ್ನಿ'ಯು ಗುಡುಗುಡಿಯ ಪದವನ್ನು ಹೊಸ ಕೇಳುಗರಿಗೆ ತಲುಪಿಸಿತೆಂಬುದು ನಿರ್ವಿವಾದ. ಆದರೆ ಅಂದಿನಿಂದ ಬೆಳೆದುಬಂದ ಫ್ಯೂಜನ್ ರೂಢಿಯಲ್ಲಿ ಒಂದು ತೊಡಕಿದೆ. ಬೇಸ್ ಗಿಟಾರ್ ಸ್ವರಮೇಳದ ಬದಲಾವಣೆಯೊಂದಿಗೆ ತನ್ನ ಆಧಾರಸ್ವರವನ್ನು ಬದಲಿಸುತ್ತ ಹೋದಂತೆ ತತ್ತ್ವಪದದ ಕದಲದ ನೆಲವೇ ಕದಲುತ್ತದೆ. ಕೇಳಲು ಇಂಪಾದರೂ ಅಲ್ಲಿ ತತ್ತ್ವಪದ ಬಹುಮಟ್ಟಿಗೆ ಪ್ರೇಮಗೀತೆಯ ಚಲನೆಯನ್ನು ಪಡೆಯುತ್ತದೆ. ಕಡಿಮೆ ಸ್ವರಗಳು, ದುಂಡು ದನಿ, ಷಡ್ಜದ ಮೇಲೆ ದೀರ್ಘ ನಿಲುಗಡೆ, ಇವು ಇಲ್ಲಿ ಹೆಚ್ಚು ನ್ಯಾಯವಾದ ಆಯ್ಕೆಗಳು.

ಜಾತ್ರೆಯ ವಾದ್ಯಮೇಳಗಳ ಸ್ಥಿತಿ ಬೇರೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಕೆಳತಂತಿ ಸುಮಾರು 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಗುಡಿಯ ಕಂಬಕ್ಕೆ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕ ಆ ಸ್ವರವನ್ನು ನುಂಗಿಬಿಡುತ್ತದೆ. ಕೇಳುಗನ ಕಿವಿ ಉಪಸ್ವರಗಳಿಂದ ಮೂಲಸ್ವರವನ್ನು ಊಹಿಸಿಕೊಳ್ಳಬೇಕು. ಅಲ್ಲಿ ಆಂಪ್ಲಿಫೈಯರಿನ ಕೆಳದನಿಯ ಗುಂಡಿಯನ್ನು ತಿರುಗಿಸಿ ಫಲವಿಲ್ಲ, ನಡುದನಿಯನ್ನು ಏರಿಸಬೇಕು. ಚೌಡಿಕೆ ಇಂತಹ ಧ್ವನಿವರ್ಧಕದಲ್ಲಿಯೂ ಸೋಲದಿರುವುದು ಅದರ ಬಲವೆಲ್ಲ ಮೇಲಿನ ಸ್ಥಾಯಿಯಲ್ಲಿರುವುದರಿಂದ.

ಚೌಡಿಕೆ ಪದಕ್ಕೆ ಬೇಸ್ ಗಿಟಾರನ್ನು ಹೊಂದಿಸುವುದೇ ಇವೆಲ್ಲಕ್ಕಿಂತ ಕಠಿಣ. ಮೆಟ್ಟಿಲಿಲ್ಲದ ಬೇಸ್ ಗಿಟಾರ್ ಜಾರನ್ನು ಮರಳಿ ಕೊಡುತ್ತದೆ, ಆದರೆ ಅದರ ದನಿ ಬಹಳ ಹೊತ್ತು ನಿಲ್ಲುತ್ತದೆ. ಚೌಡಿಕೆಯ ದನಿ ಹುಟ್ಟಿದ ಕ್ಷಣದಲ್ಲಿಯೇ ಅಡಗತೊಡಗುತ್ತದೆ, ಆ ಬಿಡುವಿನಲ್ಲಿ ಜೋಗತಿ ಉಸಿರು ತೆಗೆದುಕೊಳ್ಳುತ್ತಾಳೆ. ಅಂಗೈಯಿಂದಾಗಲೀ ಸ್ಪಂಜಿನಿಂದಾಗಲೀ ತಂತಿಯನ್ನು ತಡೆದು ಆ ಬಿಡುವನ್ನು ಉಳಿಸದೆ ಹೋದರೆ ಹಾಡುವವಳಿಗೆ ಉಸಿರಿನ ಜಾಗವೇ ಇಲ್ಲವಾಗುತ್ತದೆ.