ಠಣ್ ಎಂದ ಮೇಲೆ

ತಮಿಳುನಾಡಿನ ತೇನಿಯಿಂದ ಕಂಬಂ ರಸ್ತೆ ಹಿಡಿದು ಹೊರಟರೆ ಸ್ವಲ್ಪ ದೂರದಲ್ಲೇ ಮುಲ್ಲೈ ಹೊಳೆಯ ದಂಡೆಯ ಮೇಲೆ ವೀರಪಾಂಡಿ ಸಿಗುತ್ತದೆ. ಅಲ್ಲಿನ ಗೌಮಾರಿಯಮ್ಮನ ಜಾತ್ರೆ ಚಿತ್ತಿರೈ ತಿಂಗಳಿನದು. ಬಿರುಬೇಸಗೆಯಲ್ಲಿ ಬೆಂಕಿಯ ಮಡಕೆ ಹಿಡಿದ ಹರಕೆಯವರು ಒಂದು ಕಡೆ, ತೊಟ್ಟಿಲು, ತಿಂಡಿ, ಬಳೆಯ ಅಂಗಡಿಗಳು ಇನ್ನೊಂದು ಕಡೆ. ನಮ್ಮ ಜಾತ್ರೆಗಳಲ್ಲಿರುವ ಹಾಗೆ ಬಲೂನಿಗೆ ಗುರಿಯಿಡುವ ಅಂಗಡಿಯೂ ಇತ್ತು. ಕಂಬಂ ಕಣಿವೆಯ ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಅಂಥದೊಂದು ಮನೆಯ ಹಿರಿಯರ ಜೊತೆ ನಾನು ಆ ಬಲೂನಿನ ಅಂಗಡಿಯ ಮುಂದೆ ನಿಂತಿದ್ದೆ. ಚೆನ್ನಾಗಿ ಕಾಣಲೆಂದು ಬಲೂನಿನ ಹಲಗೆಯ ಪಕ್ಕಕ್ಕೆ ಸರಿದಾಗ ಅವರು ರಟ್ಟೆ ಹಿಡಿದು ಎಳೆದರು. "ಅಲ್ಲಿ ನಿಲ್ಲಬೇಡಪ್ಪಾ, ಹಿಂದಕ್ಕೆ ಬಾ. ಬಲೂನಿನ ಹಿಂದೆ ಏನಿದೆ ಅಂತ ನೋಡು ಮೊದಲು."

ಬಲೂನಿನ ಹಿಂದೆ ತಗಡಿತ್ತು.

ಹತ್ತಿರದ ಉಕ್ಕಿಗೆ ಗುಂಡು ಹೊಡೆಯುವ ಆಟವನ್ನು ನೋಡಲು ಕಲಿಯುವವರಿಗೆ ನಾನು ಮೊದಲು ಹೇಳುವುದೂ ಅದನ್ನೇ. ಗುರಿ ತಾಗಿತೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ನೋಡುತ್ತಾರೆ. ತಾಗಿದ ಮೇಲೆ ಸೀಸ ಎಲ್ಲಿಗೆ ಹೋಯಿತು ಎಂದು ಕೇಳುವವನಿಗೆ ಮಾತ್ರ ಈ ಆಟ ತನ್ನನ್ನು ಬಿಟ್ಟುಕೊಡುತ್ತದೆ. ಕಾಗದದ ಗುರಿ ಗುಂಡನ್ನು ತೂರಿಸಿಕೊಂಡು ಸುಮ್ಮನಿರುತ್ತದೆ. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಕೋವಿ ಹಿಡಿಯುತ್ತಾರೆ. ಕಾಯಿ ಒಡೆಯುತ್ತದೆ, ನೀರು ಚಿಮ್ಮುತ್ತದೆ, ಊರು ಕೇಕೆ ಹಾಕುತ್ತದೆ. ಕಾಗದವೂ ಕಾಯಿಯೂ ಗುಂಡಿಗೆ ದಾರಿ ಬಿಡುತ್ತವೆ. ಉಕ್ಕು ಬಿಡುವುದಿಲ್ಲ. ಬಂದ ವೇಗವನ್ನೆಲ್ಲ ಅದು ಆ ಕ್ಷಣದಲ್ಲೇ ಬೇರೆ ದಿಕ್ಕಿಗೆ ತಿರುಗಿಸಬೇಕು.

ತಿರುಗುವುದು ಹೇಗೆ? ಸೀಸ ಮೆತ್ತಗಿನ ಲೋಹ. ಗಟ್ಟಿಯಾದ, ಸಮತಟ್ಟಾದ ಉಕ್ಕಿಗೆ ಬಡಿದರೆ ಚೆಂಡಿನಂತೆ ಪುಟಿಯದೆ ಪುಡಿಪುಡಿಯಾಗಿ, ನೆಲಕ್ಕೆ ಬಿದ್ದ ಮೊಸರಿನಂತೆ ಸುತ್ತಲೂ ಸಿಡಿಯುತ್ತದೆ. ಈ ಸಿಡಿತ ಬಹುಮಟ್ಟಿಗೆ ಫಲಕದ ಮೈಗೆ ಅಂಟಿಕೊಂಡಂತೆ, ಅದರಿಂದ ಸುಮಾರು 20 ಡಿಗ್ರಿಯೊಳಗೆ, ಮೇಲೆ ಕೆಳಗೆ ಎಡ ಬಲ ಹರಡುತ್ತದೆ. ಹೊಡೆಯುವವನ ಕಡೆ ತಿರುಗಿ ಬರುವುದು ಕಡಿಮೆ. ಹೆಚ್ಚಿನ ಅಪಾಯ ಫಲಕದ ಪಕ್ಕದಲ್ಲಿ ನಿಂತವನಿಗೆ. ಆ ಹಿರಿಯರು ನನ್ನನ್ನು ಎಳೆದದ್ದು ಇದಕ್ಕೆ. ನೋಡುವವರ ಜಾಗ ಗುರಿಕಾರನ ಬೆನ್ನ ಹಿಂದೆ. ಕಣ್ಣಿಗೆ ಪಕ್ಕವನ್ನೂ ಮುಚ್ಚುವ ಗಟ್ಟಿ ಕನ್ನಡಕ ಬೇಕು, ನೋಡುವವರಿಗೂ ಬೇಕು. ಸಿಡಿಮದ್ದಿನ ಕೋವಿಯಾದರೆ ಕಿವಿಗೂ ರಕ್ಷೆ ಬೇಕು.

ಈಗ ಫಲಕವನ್ನು ಓದೋಣ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಒಳ್ಳೆಯ ಫಲಕ ನೆಟ್ಟಗೆ ನಿಂತಿರುವುದಿಲ್ಲ. ಮೇಲಿನ ಅಂಚು ಗುರಿಕಾರನ ಕಡೆಗೆ ತುಸು ಬಾಗಿರುತ್ತದೆ, ತಲೆ ತಗ್ಗಿಸಿ ಕೇಳುವವರ ಹಾಗೆ. ಹೀಗೆ ಬಾಗಿಸಿದರೆ ಸಿಡಿತದ ಹೆಚ್ಚಿನ ಪಾಲು ಮಣ್ಣಿಗೆ ಹೋಗುತ್ತದೆ. ಸರಪಳಿಯಲ್ಲಿ ತೂಗುಹಾಕಿದ್ದರೆ ಏಟು ಬಿದ್ದಾಗ ಹಿಂದಕ್ಕೆ ಜಗ್ಗಿ ಸ್ವಲ್ಪ ವೇಗವನ್ನು ತಾನೇ ನುಂಗುತ್ತದೆ. ಮುಖ ನುಣುಪಾಗಿರಬೇಕು. ಬೋಲ್ಟಿನ ತಲೆ, ಬೆಸುಗೆಯ ಉಬ್ಬು, ಗುಂಡಿ ಬಿದ್ದ ಕಲೆ ಯಾವುದೂ ಸಲ್ಲದು. ಒಂದು ಗುಂಡಿಯೊಳಗೆ ಬಿದ್ದ ಸೀಸ ಅದರ ಗೋಡೆಯನ್ನು ಸುತ್ತಿ, ಬಂದ ದಾರಿಯಲ್ಲೇ ಹಿಂದಿರುಗಬಹುದು.

ಗುಂಡಿ ಬೀಳುವುದು ಮೆದು ಉಕ್ಕಿಗೆ. ಸ್ಪರ್ಧೆಯ ಫಲಕಗಳಿಗೆ ಬಳಸುವ ಗಟ್ಟಿ ಉಕ್ಕಿನ ಕಾಠಿಣ್ಯ ಬ್ರಿನೆಲ್ ಅಳತೆಯಲ್ಲಿ 500ರ ಆಸುಪಾಸು. ಕಿಟಕಿಯ ಸರಳಿಗೂ ಗೇಟಿಗೂ ಬಳಸುವ ಕಬ್ಬಿಣದ್ದು ಅದರ ಕಾಲುಭಾಗದಷ್ಟು. ಪರೀಕ್ಷಿಸಲು ಒಂದು ಅರ ಸಾಕು: ಮೆದುವಾದದ್ದನ್ನು ಅರ ಸುಲಭವಾಗಿ ಕಚ್ಚುತ್ತದೆ, ಗಟ್ಟಿಯಾದದ್ದನ್ನು ಕಚ್ಚಲು ಹೆಣಗುತ್ತದೆ. ದಿಂಡಿಗಲ್‌ನಂಥ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿ ಅರ ಹಿಡಿದೇ ಬೀಗ ಮಾಡಿ ಬದುಕಿದ ಊರು ಅದು. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಕನ್ನಡಿಗರಿಗೆ ಆ ಊರಿನ ನೆನಪು ಇನ್ನೂ ಹಳೆಯದು. 1755ರಲ್ಲಿ ಮೈಸೂರು ಸಂಸ್ಥಾನದ ಪರವಾಗಿ ಹೈದರ್ ಅಲಿ ಅಲ್ಲಿಗೆ ಫೌಜುದಾರನಾಗಿ ಹೋದ. ಫ್ರೆಂಚರ ಮೂಲಕ ಕುಶಲ ಕೆಲಸಗಾರರನ್ನು ಕರೆಸಿ ಫಿರಂಗಿ, ಮದ್ದುಗುಂಡುಗಳ ಕಾರ್ಖಾನೆ ಕಟ್ಟಿದ್ದು ಅಲ್ಲೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಇಂಗ್ಲಿಷರ ಪಾಲಾಯಿತು. ಆ ಬೋಳು ಬಂಡೆಯ ಕೋಟೆಯನ್ನು ನೋಡಿದಾಗಲೆಲ್ಲ ನನಗೆ ಯುದ್ಧಕ್ಕಿಂತ ಮೊದಲು ಆ ಕುಲುಮೆಗಳೇ ನೆನಪಾಗುತ್ತವೆ.

ಫಲಕದ ಆಕಾರಕ್ಕೂ ಒಂದು ಮಾತು ಸಲ್ಲಬೇಕು, ಇದು ನನ್ನ ಕೆನ್ನೆಗೆ ಬರೆದ ಪಾಠ. ವರ್ಷಗಳ ಹಿಂದೆ ಒಂದು ತೋಟದಲ್ಲಿ ಗೆಳೆಯರು ಟ್ರ್ಯಾಕ್ಟರ್ ನೇಗಿಲಿನ ಹಳೆಯ ಡಿಸ್ಕನ್ನು ಮಾವಿನ ಕೊಂಬೆಗೆ ತೂಗುಹಾಕಿದ್ದರು. ಗಟ್ಟಿ ಉಕ್ಕು, ಒಳ್ಳೆಯ ನಾದ. ಏರ್‌ಗನ್ನಿಗೆ ತುಂಬಿದ್ದು ಸೀಸದ ಪೆಲೆಟ್ ಅಲ್ಲ, ತಾಮ್ರದ ಲೇಪವಿದ್ದ ಉಕ್ಕಿನ ಗೋಲಿ. ಡಿಸ್ಕಿನ ತಗ್ಗಾದ ಮುಖ ನಮ್ಮ ಕಡೆಗಿತ್ತು. ಮೊದಲ ಏಟಿಗೇ ಗೋಲಿ ಹಿಂದಿರುಗಿ ನನ್ನ ಕಣ್ಣಿನಿಂದ ಎರಡು ಬೆರಳು ಕೆಳಗೆ ಬಡಿಯಿತು. ತಪ್ಪು ಎರಡಿತ್ತು. ಉಕ್ಕಿನ ಗೋಲಿ ಉಕ್ಕಿಗೆ ಬಡಿದರೆ ಪುಡಿಯಾಗುವುದಿಲ್ಲ, ಪುಟಿಯುತ್ತದೆ. ತಗ್ಗಾದ ಮುಖ ಸಿಡಿದದ್ದನ್ನೆಲ್ಲ ಬಟ್ಟಲಿನಂತೆ ಕೂಡಿಸಿ ಎದುರಿಗಿದ್ದವನಿಗೇ ಕೊಡುತ್ತದೆ. ಆದ್ದರಿಂದ ಉಕ್ಕಿನ ಗುರಿಗೆ ಉಕ್ಕಿನ ಗೋಲಿ ಎಂದಿಗೂ ಬೇಡ. ಡಿಸ್ಕು, ಬಾಣಲೆ, ಗ್ಯಾಸ್ ಸಿಲಿಂಡರಿನ ತುಂಡು ಇವು ಯಾವುವೂ ಗುರಿಯಲ್ಲ.

ಹತ್ತಿರ ಎಂದರೆ ಎಷ್ಟು ಹತ್ತಿರ? ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟದ ಕೈಪಿಸ್ತೂಲಿನ ನಿಯಮದಲ್ಲಿ ಲೋಹದ ಗುರಿಗೆ 7 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಫಲಕ ಮಾಡುವವರು ಸಾಮಾನ್ಯವಾಗಿ ಪಿಸ್ತೂಲಿಗೆ 10 ಗಜ, ರೈಫಲಿಗೆ 100 ಗಜ ಎನ್ನುತ್ತಾರೆ. ರೈಫಲಿನ ಗುಂಡಿನ ವೇಗ ಪಿಸ್ತೂಲಿನದರ ಎರಡು ಮೂರು ಪಟ್ಟು. ಹತ್ತಿರದಿಂದ ಬಿದ್ದರೆ ಅದು ಗಟ್ಟಿ ಉಕ್ಕಿನಲ್ಲೂ ಗುಂಡಿ ತೋಡುತ್ತದೆ, ಆಮೇಲೆ ಆ ಫಲಕ ಪಿಸ್ತೂಲಿಗೂ ಬಾರದು. ಏರ್ ರೈಫಲಿನ ಒಲಿಂಪಿಕ್ ಆಟ 10 ಮೀಟರಿನದು, ಅಲ್ಲಿ ಗುರಿ ಕಾಗದದ್ದೋ ಎಲೆಕ್ಟ್ರಾನಿಕ್ಕಿನದೋ. ಆದರೆ ಕಾಗದದ ಗುರಿಯ ಹಿಂದೆ ಇಡುವ ಪೆಟ್ಟಿಗೆಯನ್ನು ಒಮ್ಮೆ ಇಣುಕಿ ನೋಡಿ. ಒಳಗೆ ಓರೆಯಾಗಿ ನಿಲ್ಲಿಸಿದ ಉಕ್ಕಿನ ಹಲಗೆ ಇರುತ್ತದೆ, ಪೆಲೆಟ್ಟು ಅದಕ್ಕೆ ಬಡಿದು ಕೆಳಗಿನ ತಟ್ಟೆಗೆ ಉದುರುತ್ತದೆ. ಇಡೀ ಶಾಸ್ತ್ರ ಆ ಸಣ್ಣ ಡಬ್ಬಿಯೊಳಗಿದೆ.

ನಮ್ಮ ಕಾನೂನು ಏರ್‌ಗನ್ನನ್ನು ಬೇರೆಯಾಗಿ ಎಣಿಸುತ್ತದೆ. 2016ರ ಆಯುಧ ನಿಯಮಗಳಲ್ಲಿ 4.5 ಮಿಲಿಮೀಟರ್ ನಳಿಗೆಯನ್ನಾಗಲಿ 20 ಜೂಲ್ ಶಕ್ತಿಯನ್ನಾಗಲಿ ಮೀರಿದ್ದಕ್ಕೆ ಪರವಾನಗಿ ಬೇಕು. ಅದರ ಕೆಳಗಿನದು ಆಟಿಕೆಯೆಂದು ಯಾರೂ ತಿಳಿಯಬಾರದು. ಅರ್ಧ ಗ್ರಾಮಿನ ಪೆಲೆಟ್ಟು ಕಣ್ಣು ಕಳೆಯಬಲ್ಲದು.

ಇನ್ನು ಕಿವಿ. 10 ಮೀಟರಿನ ಫಲಕದಿಂದ ಸದ್ದು ಮರಳಲು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗವೂ ಬೇಡ. ಕೋವಿಯ ಢಂ ಒಳಗೇ ಠಣ್ ಸೇರಿಹೋಗುತ್ತದೆ. ಹೊಸಬರಿಗೆ ಒಂದೇ ಸದ್ದು ಕೇಳಿಸುತ್ತದೆ. ನಾಲ್ಕು ದಿನ ಕಿವಿಗೊಟ್ಟರೆ ಒಳಗಿನ ಎರಡನೆಯದು ಬಿಡಿಸಿಕೊಳ್ಳುತ್ತದೆ. ನಡುವಿಗೆ ಬಿದ್ದ ಏಟು, ಅಂಚಿಗೆ ತಾಗಿದ ಏಟು ಬೇರೆ ಬೇರೆ ನುಡಿಯುತ್ತವೆ. ಸರಪಳಿಯಲ್ಲಿ ತೂಗುವ ಫಲಕ ಉದ್ದಕ್ಕೆ ಹಾಡುತ್ತದೆ, ಕಂಬಕ್ಕೆ ಬಿಗಿದದ್ದು ಕೊಟಕ್ ಎಂದು ಸುಮ್ಮನಾಗುತ್ತದೆ.

ವೇಗ ನೋಡಬೇಕೆಂದರೆ ಸ್ಟೀಲ್ ಚಾಲೆಂಜ್ ಎಂಬ ಸ್ಪರ್ಧೆಯ ವಿಡಿಯೋ ನೋಡಿ. ಅಮೆರಿಕದಲ್ಲಿ 1981ರಲ್ಲಿ ಶುರುವಾದದ್ದು. ಐದು ಫಲಕ, ಕೊನೆಯದು ಗಡಿಯಾರ ನಿಲ್ಲಿಸುವ ಫಲಕ. ಅದನ್ನು ಹೊಡೆದ ಮೇಲೆ ಬಿಟ್ಟುಹೋದ ಪ್ರತಿ ಫಲಕಕ್ಕೂ 3 ಸೆಕೆಂಡು ದಂಡ. ಬಹುತೇಕ ಸುತ್ತುಗಳನ್ನು ಐದು ಸಲ ಹೊಡೆದು, ನಿಧಾನವಾದ ಒಂದನ್ನು ಬಿಡುತ್ತಾರೆ. ಬೆರಳಿನ ವೇಗಕ್ಕೆ ಮರುಳಾಗಬೇಡಿ. ಗುರಿಕಾರನ ಕಣ್ಣು ನೋಡಿ: ಒಂದು ಫಲಕ ನುಡಿಯುವ ಮೊದಲೇ ಅದು ಮುಂದಿನದರ ಮೇಲೆ ಕೂತಿರುತ್ತದೆ, ಕೋವಿ ಹಿಂದಿನಿಂದ ಬಂದು ಸೇರುತ್ತದೆ. ಗಡಿಯಾರದ ಫಲಕದ ಮುಂದೆ ಮಾತ್ರ ಅರೆಗಳಿಗೆ ತಡೆಯುತ್ತಾನೆ. ಆ ತಡೆ ಕಂಡ ದಿನ ನೀವು ರಸಿಕರಾದಿರಿ ಎಂದೇ ನಾನು ಲೆಕ್ಕ ಹಾಕುತ್ತೇನೆ. ಮುಗಿದ ಮೇಲೂ ಕಣ್ಣು ತೆಗೆಯಬೇಡಿ. ಬೆರಳು ಕುದುರೆಯಿಂದ ಆಚೆ ಬರುತ್ತದೆ, ನಳಿಗೆ ಗುರಿಯ ಕಡೆಗೇ ಉಳಿಯುತ್ತದೆ, ತೋಟೆ ಹೊರಬರುತ್ತದೆ, ಖಾಲಿಯೆಂದು ಅಧಿಕಾರಿಗೆ ತೋರಿಸಿದ ಮೇಲೆ ಕೋವಿ ಒರೆ ಸೇರುತ್ತದೆ. ಇಷ್ಟನ್ನು ಅವಸರವಿಲ್ಲದೆ ಮಾಡುವವರ ಕೈಯಲ್ಲಿ ನನಗೆ ಕಾಣುವ ಚೆಲುವು ಗೆದ್ದವರ ನಗೆಯಲ್ಲಿ ಕಾಣುವುದಿಲ್ಲ.

ಮನೆಗೆ ಹೋಗಿ ತಣ್ಣೀರಲ್ಲಿ ಸೋಪು ಹಚ್ಚಿ ಕೈ ತೊಳೆಯಿರಿ. ಅದಕ್ಕೆ ಮೊದಲು ಏನೂ ತಿನ್ನಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ಸೀಸದ ಪುಡಿ ಕಣ್ಣಿಗೆ ಕಾಣುವುದಿಲ್ಲ.

ವೀರಪಾಂಡಿಯಲ್ಲಿ ಆ ರಾತ್ರಿ ಗಿರಾಕಿ ಕಡಿಮೆಯಾದಾಗ ಅಂಗಡಿಯಾತ ಬಂದೂಕನ್ನು ಮಡಿಸಿ, ಖಾಲಿ ನಳಿಗೆಯನ್ನು ನಮಗೆ ತೋರಿಸಿ, ಮೇಜಿನ ಮೇಲೆ ಹಲಗೆಯ ಕಡೆ ಮುಖಮಾಡಿ ಇಟ್ಟ. ಆಮೇಲೆ ಹಲಗೆಯ ಬುಡದಲ್ಲಿ ಕೂತು ಪೊರಕೆಯಿಂದ ಸೀಸ ಗುಡಿಸಿದ. ಜೊತೆಗಿದ್ದ ಹಿರಿಯರು ತಮಿಳಿನಲ್ಲಿ ಏನೋ ಕೇಳಿದರು. ಆತ ಗುಡ್ಡೆಯಿಂದ ಒಂದನ್ನು ಹೆಕ್ಕಿ ಮೇಜಿನ ಮೇಲಿಟ್ಟ. ಸೊಂಟ ಸಣ್ಣಗಿದ್ದ ಪೆಲೆಟ್ಟು ತುಳಿದ ಮೆಣಸಿನಕಾಳಿನಂತೆ ಚಪ್ಪಟೆಯಾಗಿತ್ತು, ಅಂಚು ಸುತ್ತಲೂ ಸಮವಾಗಿ ಬಿರಿದಿತ್ತು. "ನೇರಕ್ಕೆ ಬಿದ್ದಿದೆ," ಎಂದು ಹಿರಿಯರು ಕನ್ನಡದಲ್ಲಿ ನನಗೆ ಹೇಳಿದರು.