ಸುಡುಗಾಡಿನ ಸುಂಕ: ಆತ್ಮಗಾಯಕರ ತಾರತಮ್ಯವನ್ನು ಕುರಿತು

ಕಾಶೀಕ್ಷೇತ್ರದ ಗಂಗಾತೀರದಲ್ಲಿ ಶವದಹನಕ್ಕೆ ಹೆಸರಾದ ಘಟ್ಟಗಳು ಎರಡು: ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್. ಮೊದಲನೆಯದು ಪ್ರಸಿದ್ಧಿಯಲ್ಲಿ ಹಿರಿದು. ಎರಡನೆಯದು ಕನ್ನಡಿಗನಿಗೆ ಹೆಚ್ಚು ಹತ್ತಿರದ್ದು. ಈ ಸಾಮೀಪ್ಯ ಎರಡು ಬಗೆಯದು. ನೆಲದ ಲೆಕ್ಕದಲ್ಲಿ ನೋಡಿದರೆ ಅದರ ದಕ್ಷಿಣದ ಮಗ್ಗುಲಿನಲ್ಲಿಯೇ ಮೈಸೂರು ಸಂಸ್ಥಾನದ ನೆನಪನ್ನು ಹೊತ್ತ ಕರ್ನಾಟಕ ಘಾಟ್ ಇದೆ. ಕಾವ್ಯದ ಲೆಕ್ಕದಲ್ಲಿ ನೋಡಿದರೆ ಹಂಪೆಯ ರಾಘವಾಂಕನು ಹದಿಮೂರನೆಯ ಶತಮಾನದಲ್ಲಿಯೇ ಆ ಸ್ಮಶಾನವನ್ನು ಕನ್ನಡದ ಸೊತ್ತಾಗಿ ಮಾಡಿಕೊಟ್ಟಿದ್ದಾನೆ. ಅಯೋಧ್ಯೆಯ ರಾಣಿಯೊಬ್ಬಳು ಕಾಶಿಯ ಸುಡುಗಾಡಿನಲ್ಲಿ ಕನ್ನಡದಲ್ಲಿ ಗೋಳಿಟ್ಟದ್ದು ಅಸ್ವಾಭಾವಿಕವೆಂದು ಅವನ ಓದುಗರಲ್ಲಿ ಯಾರಿಗೂ ತೋರಿದಂತಿಲ್ಲ.

ಗಾಯಕರ ತಾರತಮ್ಯ ವಿಚಾರಕ್ಕೆ ಈ ಸ್ಥಳವನ್ನು ಒರೆಗಲ್ಲಾಗಿ ಆರಿಸಿಕೊಳ್ಳುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ‘ಆತ್ಮದಿಂದ ಹಾಡುವವರಲ್ಲಿ ಹಿರಿಯರು ಯಾರು’ ಎಂಬ ಚರ್ಚೆ ಎಲ್ಲಿ ನಡೆದರೂ ಕೊನೆಗೆ ಸಾವಿನ ಮುಂದೆಯೇ ಬಂದು ನಿಲ್ಲುತ್ತದೆ. ಮದುವೆಯ ಮನೆಯಲ್ಲಿ ಯಾರ ಹಾಡೂ ಹಿತವಾಗಿಯೇ ಇರುತ್ತದೆ. ಚಿತೆಯ ಎದುರಿನಲ್ಲಿ ನಿಲ್ಲುವ ಹಾಡುಗಳು ಕೆಲವೇ.

ಈ ಚರ್ಚೆ ಪಶ್ಚಿಮದಲ್ಲಿಯೂ ತೀವ್ರವಾಗಿ ನಡೆದಿದೆ. ಅಮೆರಿಕದ ಆಫ್ರಿಕನ್ ಮೂಲದ ಜನರು ತಮ್ಮ ಚರ್ಚುಗಳ ಭಕ್ತಿಗೀತೆಯ ಧಾಟಿಯನ್ನು ೧೯೫೦ರ ದಶಕದಲ್ಲಿ ಲೌಕಿಕ ಗೀತೆಗಳಿಗೆ ಅಳವಡಿಸಿದಾಗ ಹುಟ್ಟಿದ ಪದ್ಧತಿಗೆ ‘ಸೋಲ್’ ಎಂದು ಹೆಸರಾಯಿತು. ಆ ಮಾತಿಗೆ ಆತ್ಮವೆಂಬ ಅರ್ಥವಿದ್ದರೂ ಕನ್ನಡದ ಕಿವಿಗೆ ಅದು ‘ಸೋಲು’ ಎಂದೇ ಕೇಳಿಸುತ್ತದೆ. ಮನ ಸೋಲುವುದು, ಕಂಠ ಸೋಲುವುದು, ಎರಡೂ ಅದರೊಳಗಿವೆ. ರೇ ಚಾರ್ಲ್ಸ್, ಸ್ಯಾಮ್ ಕುಕ್, ಓಟಿಸ್ ರೆಡ್ಡಿಂಗ್, ಅರೀಥಾ ಫ್ರಾಂಕ್ಲಿನ್ ಇವರಲ್ಲಿ ಯಾರು ಹಿರಿಯರೆಂಬುದು ಅಲ್ಲಿಯ ರಸಿಕರ ಮುಗಿಯದ ವಾದ. ‘ರೋಲಿಂಗ್ ಸ್ಟೋನ್’ ಪತ್ರಿಕೆ ೨೦೦೮ರಲ್ಲಿ ನೂರು ಗಾಯಕರ, ೨೦೨೩ರಲ್ಲಿ ಇನ್ನೂರು ಗಾಯಕರ ಪಟ್ಟಿಗಳನ್ನು ಪ್ರಕಟಿಸಿತು. ಅವು ಸೋಲ್ ಗಾಯಕರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಆದರೂ ಎರಡರಲ್ಲಿಯೂ ಮೊದಲ ಸ್ಥಾನ ಅರೀಥಾ ಫ್ರಾಂಕ್ಲಿನ್ನರಿಗೆ ಸಂದಿತು. ಮೊದಲ ಪಟ್ಟಿಯಲ್ಲಿ ಎರಡನೆಯವರಾಗಿದ್ದ ರೇ ಚಾರ್ಲ್ಸರಿಗೆ ಎರಡನೆಯ ಪಟ್ಟಿಯಲ್ಲಿ ಆ ಸ್ಥಾನ ಉಳಿಯಲಿಲ್ಲ. ೨೦೦೪ರಲ್ಲಿಯೇ ತೀರಿಕೊಂಡಿದ್ದ ಗಾಯಕರ ಹಾಡು ಹದಿನೈದು ವರ್ಷಗಳಲ್ಲಿ ಬದಲಾಗಿರಲಾರದು. ಬದಲಾದದ್ದು ಅಳತೆಗೋಲು ಮಾತ್ರ.

ತಾರತಮ್ಯವೆಂಬ ಮಾತು ಕನ್ನಡನಾಡಿನಲ್ಲಿ ಇಷ್ಟು ಅಗ್ಗದ್ದಲ್ಲ. ಮಧ್ವಸಿದ್ಧಾಂತದಲ್ಲಿ ಅದು ಜೀವರ ಸ್ವರೂಪಕ್ಕೇ ಸಂಬಂಧಿಸಿದ ತತ್ತ್ವ. ಶರಣರ ಪರಂಪರೆಯಾದರೋ ಹುಟ್ಟಿನಿಂದ ಬಂದ ಮೇಲುಕೀಳನ್ನು ನಿರಾಕರಿಸಿ, ನಡೆಯಿಂದ ಮಾತ್ರ ಹಿರಿಮೆಯನ್ನು ಒಪ್ಪಿತು. ಹೀಗೆ ತೂಗುವ ಮನಸ್ಸೂ ತೂಗಲೊಲ್ಲದ ಮನಸ್ಸೂ ಎರಡೂ ಕನ್ನಡದವೇ. ಎರಡಕ್ಕೂ ಒಪ್ಪಿಗೆಯಾಗುವ ಅಳತೆ ಬೇಕಾದರೆ ಅದನ್ನು ರಾಘವಾಂಕನಲ್ಲಿ ಹುಡುಕಬಹುದಾಗಿದೆ.

ಹರಿಶ್ಚಂದ್ರಕಾವ್ಯದ ಸ್ಮಶಾನ ಸನ್ನಿವೇಶ ಸರ್ವವಿದಿತ. ದರ್ಭೆ ತರಲು ಹೋದ ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ಚಂದ್ರಮತಿ ಇರುಳಿನಲ್ಲಿ ಮಗನ ಹೆಣವನ್ನು ಹೊತ್ತು ತರುತ್ತಾಳೆ. ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಿರುವ ಹರಿಶ್ಚಂದ್ರ ಅಡ್ಡ ಬಂದು ಸುಂಕ ಕೇಳುತ್ತಾನೆ. ಕೊರಳಿನ ತಾಳಿಯಿಂದ ಗುರುತು ಹತ್ತುತ್ತದೆ. ಹೆಣ ತನ್ನ ಮಗನದು, ಅಳುತ್ತಿರುವವಳು ತನ್ನ ಮಡದಿ. ಆದರೆ ಕಾವ್ಯದ ತಿರುಳು ಗುರುತಿನಲ್ಲಿಲ್ಲ, ಗುರುತು ಹತ್ತಿದ ಮೇಲಿನ ನಡೆಯಲ್ಲಿದೆ. ಸುಂಕ ಒಡೆಯನದು, ಅದನ್ನು ಬಿಟ್ಟುಕೊಡುವ ಅಧಿಕಾರ ಆಳಿಗಿಲ್ಲ. ಲೋಕದಲ್ಲಿ ಇದಕ್ಕಿಂತ ದೊಡ್ಡ ದುಃಖವಿಲ್ಲ. ಆದರೂ ಅದಕ್ಕೆ ವಿನಾಯಿತಿಯಿಲ್ಲ. ದುಃಖವೂ ಸುಂಕ ತೆತ್ತೇ ಒಳಗೆ ಬರಬೇಕು.

ಇದು ಕಥೆಯ ನೀತಿ ಮಾತ್ರವಲ್ಲ, ಕಾವ್ಯದ ಬಂಧವೂ ಹೌದು. ಚಂದ್ರಮತಿಯ ಪ್ರಲಾಪ ವಾರ್ಧಕ ಷಟ್ಪದಿಯಲ್ಲಿದೆ. ಅದರ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ತಲಾ ೨೦ ಮಾತ್ರೆಗಳು; ಮೂರು ಮತ್ತು ಆರನೆಯ ಪಾದಗಳಿಗೆ ತಲಾ ೩೨; ಒಟ್ಟು ೧೪೪. ತಾಯಿಯ ಕರುಳು ಹರಿಯುತ್ತಿರುವಾಗಲೂ ಕವಿ ಒಂದು ಮಾತ್ರೆಯನ್ನೂ ಕಡಮೆ ತೆರುವುದಿಲ್ಲ. ಆದುದರಿಂದಲೇ ಆ ಅಳು ಏಳುನೂರಕ್ಕೂ ಹೆಚ್ಚು ವರ್ಷ ಬಾಳಿದೆ. ಲೆಕ್ಕವಿಲ್ಲದೆ ಅತ್ತದ್ದು ಆ ರಾತ್ರಿಯಲ್ಲಿಯೇ ಮುಗಿದುಹೋಗುತ್ತಿತ್ತು. ಗಮಕಿಗಳು ಈ ಭಾಗವನ್ನು ತಾಳದ ಹಂಗಿಲ್ಲದೆ ರಾಗದಲ್ಲಿ ವಾಚಿಸುವಾಗ, ಒಳಗಿನ ಈ ಎಣಿಕೆಯೇ ದನಿಯನ್ನು ಗೋಳಾಟಕ್ಕೆ ಜಾರದಂತೆ ಹಿಡಿದು ನಿಲ್ಲಿಸುತ್ತದೆ.

ಆತ್ಮಗಾಯನಕ್ಕೆ ಇದನ್ನೇ ಲಕ್ಷಣವಾಗಿ ಇಟ್ಟುಕೊಂಡರೆ ಗಾಯಕರು ಮೂರು ವರ್ಗಗಳಾಗುತ್ತಾರೆ. ಹೆಣವಿಲ್ಲದೆ ಸುಂಕ ಕಟ್ಟುವವರು ಮೊದಲಿನವರು: ಶ್ರುತಿ, ಲಯ, ತಾನ ಎಲ್ಲವೂ ಸರಿಯಿದ್ದು ಸುಡಬೇಕಾದದ್ದೇ ಇಲ್ಲ. ಹೆಣ ಹೊತ್ತು ತಂದು ಸುಂಕ ಕೊಡದವರು ಎರಡನೆಯವರು: ಭಾವವಿದೆ, ಕಣ್ಣೀರಿದೆ, ಕಂಠಕ್ಕೆ ನಿಲುಗಡೆಯಿಲ್ಲ. ಎದೆಯ ಭಾರವನ್ನೂ ಹೊತ್ತು, ಸ್ವರದ ಸುಂಕವನ್ನೂ ಪೂರ್ಣವಾಗಿ ತೆರುವವರು ಮೂರನೆಯವರು. ತಾರತಮ್ಯ ವಿಚಾರ ಸಾರ್ಥಕವಾಗುವುದು ಈ ಮೂರನೆಯ ವರ್ಗದೊಳಗೆ ಮಾತ್ರ.

ಈ ಲಕ್ಷಣ ಕನ್ನಡಕ್ಕಷ್ಟೇ ಸಲ್ಲುವುದಲ್ಲ. ೧೯೩೨ರಲ್ಲಿ ಥಾಮಸ್ ಡಾರ್ಸಿ ಎಂಬ ಸಂಗೀತಗಾರರು ಪರಊರಿನಲ್ಲಿದ್ದಾಗ ಷಿಕಾಗೋದಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಕೂಸೂ ಉಳಿಯಲಿಲ್ಲ. ಆ ಸಂಕಟದಲ್ಲಿ ಅವರು ರಚಿಸಿದ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಎಂಬ ಪ್ರಾರ್ಥನೆಗೆ ಹೊಸ ಮಟ್ಟನ್ನು ಕಟ್ಟಲಿಲ್ಲ, ಹಿಂದಿನ ಶತಮಾನದ ಸ್ತೋತ್ರವೊಂದರ ಧಾಟಿಯನ್ನೇ ಆಶ್ರಯಿಸಿದರು. ಹೊಸ ದುಃಖ ಹಳೆಯ ಮಟ್ಟಿಗೆ ಸುಂಕ ತೆತ್ತಿತು. ೧೯೬೮ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಅಂತ್ಯಸಂಸ್ಕಾರದಲ್ಲಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಿದರು. ೧೯೭೨ರಲ್ಲಿ ಮಹಾಲಿಯಾರ ಅಂತ್ಯಸಂಸ್ಕಾರದಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನೇ ಹಾಡಿದರು. ಮಹಾಲಿಯಾ ಜೀವಮಾನವಿಡೀ ಭಕ್ತಿಗೀತೆಯನ್ನು ಬಿಟ್ಟು ಕದಲದವರಾದುದರಿಂದ ಶಾಸ್ತ್ರಾರ್ಥದಲ್ಲಿ ಸೋಲ್ ಗಾಯಕಿಯರ ಪಂಕ್ತಿಗೆ ಸೇರುವುದಿಲ್ಲ. ಆದರೂ ಆ ಪಂಕ್ತಿಯ ಮೊದಲಿಗರೆನಿಸಿದವರು ಚಿತೆಯ ಮುಂದೆ ನಿಂತಾಗ ಹಾಡಿದ್ದು ಮಹಾಲಿಯಾ ಹಾಡಿದ್ದ ಹಾಡನ್ನೇ. ಪಟ್ಟಿಗಳು ಹೇಳದಿರುವುದನ್ನು ಈ ಒಂದು ಸಂಗತಿ ಹೇಳುತ್ತದೆ.

ಇನ್ನು ಕಾಶಿಗೇ ಬಂದರೆ, ರಸೂಲನ್ ಬಾಯಿ (೧೯೦೨–೧೯೭೪), ಸಿದ್ಧೇಶ್ವರಿ ದೇವಿ (೧೯೦೮–೧೯೭೭), ಗಿರಿಜಾ ದೇವಿ (೧೯೨೯–೨೦೧೭) ಇವರ ಠುಮರಿ ಪರಂಪರೆ ವಿರಹವನ್ನು ಹಾಡಿತು. ವಿರಹದಲ್ಲಿ ಮರಳಿ ಬರುವ ಆಸೆ ಇದ್ದೇ ಇರುತ್ತದೆ. ಹರಿಶ್ಚಂದ್ರ ಘಾಟಿನಲ್ಲಿ ಅದಿಲ್ಲ. ಛನ್ನೂಲಾಲ ಮಿಶ್ರರು (೧೯೩೬–೨೦೨೫) ಜನಪ್ರಿಯಗೊಳಿಸಿದ ಸ್ಮಶಾನದ ಹೋಳಿಯ ಹಾಡಿನಲ್ಲಿ ಶಿವನು ಚಿತಾಭಸ್ಮದಿಂದ ಓಕುಳಿಯಾಡುತ್ತಾನೆ. ಅದು ನಿಜವಾಗಿಯೂ ಕಾಶಿಯ ಹಾಡು. ಸಾವನ್ನು ಲೀಲೆಯಾಗಿ ಕಾಣುವ ಊರಿನ ಹಾಡು. ಆದರೆ ಅದರಲ್ಲಿ ಹೆಣ ಹೊತ್ತು ತಂದವರಿಲ್ಲ. ದಹನಸ್ಥಳದಲ್ಲಿ ಅಳಬಾರದೆಂಬುದು, ಹೆಂಗಸರು ಅಲ್ಲಿಗೆ ಬರಬಾರದೆಂಬುದು ಅಲ್ಲಿಯ ಹಳೆಯ ಕಟ್ಟುಪಾಡು. ರಾಘವಾಂಕನ ಚಂದ್ರಮತಿ ಈ ಎರಡನ್ನೂ ಮೀರಿ ಬಂದವಳು. ಶಿವನ ದೃಷ್ಟಿಯಿಂದ ಸಾವನ್ನು ಹಾಡುವುದು ಒಂದು ಹಿರಿಮೆ; ಚಂದ್ರಮತಿಯ ಸ್ಥಾನದಲ್ಲಿ ನಿಂತು ಹಾಡುವುದು ಅದಕ್ಕಿಂತ ಕಷ್ಟವಾದದ್ದು.

ಧಾರವಾಡದ ನೆಲದಿಂದ ಬಂದ ನಾಲ್ವರನ್ನು ಈಗ ಈ ಒರೆಗೆ ಹಚ್ಚಬಹುದು. ಹೊರನಾಡಿನ ಕನ್ನಡ ಸಂಘಗಳಲ್ಲಿ ಭೀಮಸೇನ ಜೋಶಿಯವರ (೧೯೨೨–೨೦೧೧) ಹೆಸರನ್ನು ಮೊದಲು ಹೇಳುವುದು ರೂಢಿ. ಅದಕ್ಕೆ ಕಾರಣವೂ ಇದೆ. ದಾಸರ ಪದಗಳಲ್ಲಿಯೂ ಮರಾಠಿ ಅಭಂಗಗಳಲ್ಲಿಯೂ ಅವರಂತೆ ಸಾವಿರಾರು ಜನರ ಎದೆಯನ್ನು ಒಮ್ಮೆಗೆ ತುಂಬಿದವರು ವಿರಳ. ಆದರೆ ಆ ಕಂಠದ ಐಶ್ವರ್ಯವೇ ಒಂದೊಂದು ವೇಳೆ ಆರ್ತತೆಯನ್ನು ಮುಚ್ಚುತ್ತದೆ. ಅರಸು ಅರಸಾಗಿಯೇ ಸ್ಮಶಾನಕ್ಕೆ ಬಂದಂತೆ. ಹರಿಶ್ಚಂದ್ರನಾದರೋ ಕಿರೀಟ ಕಳೆದುಕೊಂಡ ಮೇಲೆ ಅಲ್ಲಿಗೆ ಬಂದವನು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು (೧೯೨೪–೧೯೯೨) ೧೯೪೮ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಕ್ಷಯರೋಗದಿಂದ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಚೇತರಿಸಿಕೊಂಡ ಮೇಲೆ ಕಾಶಿಯ ಕಬೀರನ ನಿರ್ಗುಣಪದಗಳನ್ನು ಮಾಳವದ ಜೋಗಿಗಳ ಧಾಟಿಯಿಂದ ಎತ್ತಿಕೊಂಡು ಹಾಡಿದರು. ತುಂಡು ತುಂಡಾದ ಉಸಿರು, ನಡುವಿನ ಶೂನ್ಯ, ಒಮ್ಮೆಲೆ ಎಸೆದಂತೆ ಬರುವ ತಾರಸ್ವರ ಇವು ಚಿತೆ ಆರಿದ ಮೇಲಿನ ಬಯಲನ್ನು ತೋರಿಸುತ್ತವೆ. ಆ ಬಯಲಿನ ಗಾಯಕರಾಗಿ ಅವರು ಅದ್ವಿತೀಯರು. ಆದರೆ ಅಲ್ಲಿಗೆ ತಲಪುವಷ್ಟರಲ್ಲಿ ಅಳುವವರು ಮನೆಗೆ ಹೋಗಿಯಾಗಿರುತ್ತದೆ.

ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ಸುಂಕದ ವಿಷಯದಲ್ಲಿ ಎಲ್ಲರಿಗಿಂತ ಪ್ರಾಮಾಣಿಕರು. ಜಯಪುರ ಘರಾಣೆಯ ಅಪರೂಪದ, ಜಟಿಲವಾದ ರಾಗಗಳನ್ನು ಅವರು ಎಲ್ಲಿಯೂ ಸಡಿಲಿಸಲಿಲ್ಲ. ಗುರು ಮಂಜೀಖಾನರು ೧೯೩೭ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಭೂರ್ಜೀಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದವರು. ಅವರ ಬಾಯಲ್ಲಿ ಶರಣರ ವಚನ ಸಂಗೀತಕ್ಕೆ ಸಿಕ್ಕಿದ ಸಾಹಿತ್ಯವಾಗಿ ಉಳಿಯದೆ ಆ ಕ್ಷಣದಲ್ಲಿಯೇ ನುಡಿದ ಮಾತಾಗುತ್ತದೆ. ಅವರನ್ನೇ ಮೊದಲಿಗರೆಂದು ಯಾರಾದರೂ ಹೇಳಿದರೆ ವಿರೋಧಿಸುವುದು ಸುಲಭವಲ್ಲ.

ಆದರೂ ಈ ಘಟ್ಟದ ಮೇಲೆ ಅಗ್ರಸ್ಥಾನ ಸಲ್ಲಬೇಕಾದದ್ದು ಗಂಗೂಬಾಯಿ ಹಾನಗಲ್ಲರಿಗೆ (೧೯೧೩–೨೦೦೯). ಮೂವರು ಗಂಡಸರ ಹೆಸರು ಹೇಳಿಯಾದ ಮೇಲೆ ಗೌರವಕ್ಕಾಗಿ ಅವರ ಹೆಸರನ್ನು ಸೇರಿಸುವ ಪರಿಪಾಠ ಬೆಳೆದುಬಂದಿದೆ. ಅದು ತಾರತಮ್ಯವಲ್ಲ, ಉಪಚಾರ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರ ದನಿ ಗಡುಸಾಯಿತು, ಹೆಣ್ಣಿನ ಕಂಠಕ್ಕೆ ಲೋಕ ಬಯಸುವ ಇಂಪು ಹೋಯಿತು. ಉಳಿದ ದನಿಯಿಂದಲೇ ಅವರು ಎಲ್ಲವನ್ನೂ ಕಟ್ಟಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಕಿರಾಣಾ ಪದ್ಧತಿಯ ವಿಲಂಬಿತದಲ್ಲಿ ಒಂದೊಂದು ಸ್ವರವನ್ನೂ ಅದರ ಪೂರ್ಣ ತೂಕದಲ್ಲಿ ಇಟ್ಟು, ಅದು ನಿಂತ ಮೇಲೆಯೇ ಮುಂದಿನದಕ್ಕೆ ಕೈಯಿಡುತ್ತಿದ್ದರು. ಕೇಳುಗರನ್ನು ಒಲಿಸಲು ಲಘು ಗೀತೆಗಳ ಕಡೆಗೆ ಹೊರಳಲಿಲ್ಲ. ಅವರ ಹಾಡುಗಾರಿಕೆಯಲ್ಲಿ ದುಃಖವನ್ನು ತೋರಿಸುವ ಪ್ರಯತ್ನವೇ ಇಲ್ಲ. ಭಾರವನ್ನು ಹೊತ್ತ ನಡಗೆಯಿದೆ. ಹೆಣ ಹೊತ್ತ ತಾಯಿ ಓಡಲಾರಳು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದಶಕಗಳ ಕಾಲ ಜೊತೆಯಲ್ಲಿ ಕುಳಿತು ಹಾಡುತ್ತಿದ್ದ ಮಗಳು ಕೃಷ್ಣಾ ೨೦೦೪ರಲ್ಲಿ ತೀರಿಕೊಂಡರು. ತಾಯಿ ಮತ್ತೆ ೨೦೦೬ರಲ್ಲಿ ವೇದಿಕೆಯೇರಿ ಹಾಡಿದರು. ಚಂದ್ರಮತಿಯ ಹೋಲಿಕೆ ಮನಸ್ಸಿಗೆ ಹೊಳೆಯದೆ ಇರದು. ಆದರೆ ಆ ದುಃಖವನ್ನೇ ಪ್ರಮಾಣವಾಗಿ ತೋರಿಸಿ ಅಗ್ರಸ್ಥಾನ ಕೇಳಿದರೆ, ಅದು ಸುಂಕ ಕೊಡದೆ ಹೆಣವನ್ನು ಒಳಗೆ ಬಿಡೆಂದು ಕಾವಲುಗಾರನನ್ನು ಬೇಡಿದಂತಾಗುತ್ತದೆ. ಬಾಳಿನ ನೋವು ಗಾಯನದ ಸಾಕ್ಷಿಯಲ್ಲ. ೨೦೦೪ಕ್ಕೆ ಎಷ್ಟೋ ವರ್ಷ ಹಿಂದಿನ ಧ್ವನಿಮುದ್ರಣಗಳಲ್ಲಿಯೂ ಆ ಮಂದ್ರದ ಷಡ್ಜ ಹಾಗೆಯೇ ನಿಂತಿದೆ. ತೀರ್ಪಿಗೆ ಅಷ್ಟೇ ಆಧಾರ ಸಾಕು.

ಖಯಾಲಿನಲ್ಲಿ ಮಾತು ಅತ್ಯಲ್ಪ, ವಚನ ಮತ್ತು ನಿರ್ಗುಣಪದಗಳ ಅರ್ಥಗೌರವ ಅದಕ್ಕಿಲ್ಲ, ಹೀಗಿರುವಾಗ ಮನಸೂರರನ್ನೂ ಕುಮಾರರನ್ನೂ ಬಿಟ್ಟು ಈ ಆಯ್ಕೆ ಹೇಗೆ ಸರಿ ಎಂಬ ಆಕ್ಷೇಪ ಬರಬಹುದು. ಅರ್ಥಸಂಪತ್ತನ್ನೇ ಮುಖ್ಯವೆಂದು ಹಿಡಿಯುವವರು ಮನಸೂರರನ್ನು ಮುಂದಿಡಲಿ. ಅದು ನ್ಯಾಯವಾದ ಭಿನ್ನಾಭಿಪ್ರಾಯ. ಆದರೆ ಶೋಕದ ತುದಿಯಲ್ಲಿ ಮಾತು ಕರಗಿ ಒಂದೆರಡು ಪದಗಳಾಗುತ್ತದೆ, ಆ ಪದಗಳೂ ಕರಗಿ ದನಿಯಾಗುತ್ತದೆ ಎಂಬುದು ಹೆಣದ ಮುಂದೆ ಅತ್ತವರೆಲ್ಲರೂ ಬಲ್ಲ ವಿಷಯ. ಖಯಾಲು ಆರಂಭವಾಗುವುದೇ ಆ ತುದಿಯಿಂದ.

ಇದರಿಂದ ಹೊರನಾಡಿನ ಕನ್ನಡಿಗರಿಗೆ ಒದಗುವ ವಿವೇಕವೊಂದಿದೆ. ‘ನಮ್ಮವರು’ ಎಂಬ ಅಭಿಮಾನದಿಂದ ಗಾಯಕರನ್ನು ಎಣಿಸುವಾಗ ಎಣಿಕೆಯಾಗುವುದು ಹುಟ್ಟಿದ ಊರು, ಹಾಡಲ್ಲ. ಕುಮಾರರು ದೇವಾಸದಲ್ಲಿ ಹಾಡಿದ್ದು ಕನ್ನಡವಲ್ಲ. ಭೀಮಸೇನರ ಅಭಂಗ ಮಹಾರಾಷ್ಟ್ರದ್ದು. ಅಳತೆ ಸರಿಯಾಗಿದ್ದರೆ ಅಭಿಮಾನಕ್ಕೆ ಬೇರೆ ಆಧಾರ ಬೇಡ. ಪರಊರಿನಲ್ಲಿ ಪರರ ಆಳಾಗಿ ನಿಂತೂ ಒಡೆಯನ ಲೆಕ್ಕದಲ್ಲಿ ಒಂದು ಕಾಸನ್ನೂ ತಪ್ಪಿಸದವನ ಕಥೆಯನ್ನು ಹೇಳಿದ್ದು ಕನ್ನಡ. ಆ ಲೆಕ್ಕವನ್ನು ಕೇಳುವ ಹಕ್ಕೂ ಅದಕ್ಕಿದೆ.

ಹರಿಶ್ಚಂದ್ರ ಘಾಟಿನಲ್ಲಿ ೧೯೮೦ರ ದಶಕದಲ್ಲಿ ವಿದ್ಯುತ್ ಚಿತಾಗಾರ ಬಂತು. ಕಟ್ಟಿಗೆಯ ಚಿತೆಗಳೂ ಪಕ್ಕದಲ್ಲಿ ಉರಿಯುತ್ತಿವೆ. ಬೆಂಕಿ ಕೊಡುವವರು ಇಂದಿಗೂ ಡೋಮ ಸಮುದಾಯದವರು, ವೀರಬಾಹುವಿನ ಕಸುಬಿನವರು. ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದೆ ಯಾವ ಚಿತೆಯೂ ಹೊತ್ತುವುದಿಲ್ಲ. ಕಾಶಿಯಲ್ಲಿ ಸಾಯುವವನ ಕಿವಿಯಲ್ಲಿ ಶಿವನೇ ತಾರಕಮಂತ್ರವನ್ನು ಉಸಿರುತ್ತಾನೆಂಬ ನಂಬಿಕೆಯಿದೆ. ಕೊನೆಗೆ ಉಳಿಯುವುದು ಕಿವಿಯೊಂದೇ ಎಂಬುದು ಅದರ ಇಂಗಿತವಾಗಿದ್ದರೆ, ಆ ಕಿವಿಗೆ ಯಾವ ದನಿ ಸಾಕಾದೀತೆಂದು ಕೇಳಿಕೊಳ್ಳುವುದೇ ತಾರತಮ್ಯದ ನಿಜವಾದ ಪ್ರಶ್ನೆ.